ಅಳಿಯನ ದೋಣಿ, ನಮ್ಮನೆ ಜನರೇಟರು

ಹೋದ ಸಲ ಹಿತಕಿದ ಬೇಳೆ ಸಾರಿನ ಬಗ್ಗೆ ಬರ್ದಿದ್ದಕ್ಕೆ ಬಂಗಾರಪೇಟೆ ಚಿಕ್ಕಮ್ಮನಿಂದ ಹಿಡಿದು ಎದುರು ಮನೆಯವರ ತನಕ ಎಲ್ಲಾರೂ ಮೆಚ್ಕೊಂಡ್ರಿ. ಈ ಸಲ ಇಂಜಿನ್ ಬಗ್ಗೆ ಬರೀತೀನಿ. ನಗಬೇಡ್ರಮ್ಮ. ಓದಿ ಮುಗ್ಸಿದ ಮೇಲೆ ನಗೋದಾದ್ರೆ ನಗಿ.

ಶುರುವಾಗಿದ್ದು ಒಂದು ಭಾನುವಾರ ಸಂಜೆ ಏಳೂವರೆಗೆ. ನಾನು ಮುದ್ದೆ ತಿರುವ್ತಾ ಇದ್ದೆ. ಮಗಳು ವೀಡಿಯೋ ಕಾಲ್ ಮಾಡಿದ್ಳು. ಅವಳಿರೋದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಅಲ್ಲಿ ಆಗಿನ್ನೂ ಬೆಳಿಗ್ಗೆ ಹತ್ತು ಗಂಟೆ. ಮುಖ ಬಿಳುಚ್ಕೊಂಡಿತ್ತು. ನಿನ್ನೆ ಸಂಜೆ ದೋಣೀಲಿ ಹೋಗಿದ್ವಿ, ಇಂಜಿನ್ ನಿಂತೋಯ್ತು ಅಮ್ಮ ಅಂದ್ಳು. ಮುದ್ದೆ ಕೋಲು ಅಲ್ಲೇ ಬಿಟ್ಟೆ. ಆವತ್ತು ನಮ್ಮನೇಲಿ ಮುದ್ದೆ ಗಂಟುಗಂಟು.

ದೋಣಿ ಕಥೆ ಒಸಿ ಹೇಳ್ಬೇಕು. ಅಳಿಯನಿಗೆ ನೀರಿನ ಹುಚ್ಚು. ಬೇಸಿಗೇಲಿ ಬೇತಮಂಗಲದ ಕೆರೆ ತಳ ಕಾಣೋದನ್ನ ನೋಡ್ಕೊಂಡು ಬೆಳೆದೋರು ನಾವು, ನಮಗೆ ಈ ಹುಚ್ಚು ಅರ್ಥ ಆಗಲ್ಲ, ಹೋಗ್ಲಿ ಬಿಡಿ. ಅವರ ಊರಿನ ಹತ್ರ ಚೆಸಪೀಕ್ ಅಂತ ದೊಡ್ಡ ಕೊಲ್ಲಿ ಐತೆ. ಅಲ್ಲಿ 1970ರ ದಶಕದ ಒಂದು ಹಳೇ ಹಾಯಿದೋಣಿನ ಕೈಗಡ ಕಾರಿಗಿಂತ ಕಮ್ಮಿ ದುಡ್ಡಿಗೆ ತಗೊಂಡವ್ರೆ. ಮೂವತ್ತಡಿ ಉದ್ದ. ಹಾಯಿ ಅಂದ್ರೆ ಬಟ್ಟೆ, ಗಾಳಿ ಬಂದ್ರೆ ಓಡ್ತದೆ. ಗಾಳಿ ಇಲ್ದಾಗ, ಕಟ್ಟೆಯಿಂದ ಈಚೆ ಬರೋಕೆ, ವಾಪಸ್ ಹೋಗೋಕೆ ಒಂದು ಪೆಟ್ರೋಲ್ ಇಂಜಿನ್. ಇಂಜಿನ್ ದೋಣಿ ಹಿಂದೆ ನೇತಾಕಿರಲ್ಲ. ಒಳಗೆ, ಮೆಟ್ಲು ಕೆಳಗೆ, ನಾವು ಅಕ್ಕಿ ಡ್ರಮ್ಮು ಇಡ್ತೀವಲ್ಲ ಆ ಥರ ಸಂದೀಲಿ ಕೂತಿರ್ತದೆ. ಅದರ ಹೆಸ್ರು ಅಟಾಮಿಕ್ ಫೋರ್. ನಾಲ್ಕು ಸಿಲಿಂಡರು, 30 ಕುದುರೆ ಶಕ್ತಿ. ಅಮೆರಿಕದ ಯೂನಿವರ್ಸಲ್ ಅನ್ನೋ ಕಂಪನಿ 1940ರ ದಶಕದ ಕೊನೆಯಿಂದ 1980ರ ದಶಕದ ಮಧ್ಯದವರೆಗೆ ಸುಮಾರು 40,000 ಇಂಜಿನ್ ಮಾಡಿತ್ತಂತೆ. ಈಗ ಮಾಡಲ್ಲ. ಆದ್ರೂ ಎಷ್ಟೋ ಹಳೇ ದೋಣಿಗಳಲ್ಲಿ ಇನ್ನೂ ಓಡ್ತಾವೆ, ನಮ್ಮ ಕಡೆ ಚೇತಕ್ ಸ್ಕೂಟರ್ ಇನ್ನೂ ಓಡಲ್ವಾ ಅಂಗೆ.

ಇದರ ರೋಗ ಏನಪ್ಪ ಅಂದ್ರೆ, ಬೆಳಿಗ್ಗೆ ಚೆನ್ನಾಗೇ ಸ್ಟಾರ್ಟ್ ಆಗ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷ ಓಡ್ತದೆ. ಆಮೇಲೆ ಕೆಮ್ಮಿ ಕೆಮ್ಮಿ ನಿಂತೋಗ್ತದೆ. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಆವತ್ತು ನಿಂತಾಗ ಗಾಳಿ ದಡದ ಕಲ್ಲುಗಳ ಕಡೆ ತಳ್ತಾ ಇತ್ತು. ಅಳಿಯ ಲಂಗರು ಹಾಕೋಕೆ ಮುಂದಕ್ಕೆ ಓಡಿದ್ರು. ಓಡೋವಾಗ "ಪೆಟ್ರೋಲ್ ನಲ್ಲಿ ಆಫ್ ಮಾಡು" ಅಂತ ಮಗಳಿಗೆ ಕೂಗಿದ್ರು. ಅವಳಿಗೆ ನಲ್ಲಿ ಎಲ್ಲೈತೆ ಅಂತ ಗೊತ್ತಿಲ್ಲ. ಆರು ವರ್ಷದ ಕೂಸನ್ನ ಒಂದು ಕೈಲಿ ಹಿಡ್ಕೊಂಡು ಇನ್ನೊಂದು ಕೈಲಿ ಹುಡುಕಿದ್ಳಂತೆ. ಲಂಗರು ಕಚ್ಕೊಳ್ತು, ಬಚಾವಾದ್ರು.

ಅವಳು ಅಷ್ಟು ಹೇಳಿದ್ಮೇಲೆ ನಾನು ಕೇಳಿದ್ದು ಒಂದೇ ಮಾತು. "ಅವರು ಲಂಗರು ಹಾಕೋಕೋಗಿ ನೀರಿಗೆ ಬಿದ್ದಿದ್ರೆ ನೀನು ಏನ್ ಮಾಡ್ತಿದ್ದೆ?" ಮಗಳಿಗೆ ಸಿಟ್ಟು ಬಂತು. "ಅಮ್ಮ, ನೀನು ಸುಮ್ನಿರು, ಅಪಶಕುನ ಮಾತಾಡ್ಬೇಡ" ಅಂತ ಫೋನ್ ಇಟ್ಳು.

ಸುಮ್ನಿರೋಕಾಗಲ್ಲ. ಅದಕ್ಕೇ ಇದನ್ನ ಬರೀತಿರೋದು. ನಾವು ಯಾವ ಯಂತ್ರದ ಮೇಲೆ ಜೀವ ಇಟ್ಕೊಂಡಿದ್ದೀವೋ ಅದನ್ನ ಸ್ಟಾರ್ಟ್ ಮಾಡೋಕೆ, ನಿಲ್ಸೋಕೆ, ಯಾಕೆ ನಿಂತ್ತು ಅಂತ ಮೊದಲ ನಾಲ್ಕು ವಿಷ್ಯ ನೋಡೋಕೆ ಮನೆ ಹೆಂಗಸರಿಗೂ ಬರ್ಬೇಕು. ರಿಪೇರಿ ಬರ್ಬೇಕು ಅಂತ ಹೇಳ್ತಿಲ್ಲ. ನೋಡೋಕೆ ಬರ್ಬೇಕು ಅಂತೀನಿ.

ನನಗೂ ಬರ್ತಿರ್ಲಿಲ್ಲ. ಹೆಂಗೆ ಕಲ್ತೆ ಅಂತ ಹೇಳ್ತೀನಿ, ಇದನ್ನ ನಿಮ್ಮಲ್ಲಿ ಬಹಳ ಜನಕ್ಕೆ ಹೇಳಿಲ್ಲ.

ಎಂಟೊಂಬತ್ತು ವರ್ಷದ ಕೆಳಗಿನ ಮಾತು. ಕಾರ್ತೀಕ ಮಾಸ, ಜಡಿ ಮಳೆ. ನಮ್ಮೋರು ಅಂಗಡಿ ಸಾಮಾನಿಗೆ ಬೆಂಗ್ಳೂರಿಗೆ ಹೋಗಿದ್ರು, ರಾತ್ರಿ ಅಲ್ಲೇ ಉಳ್ಕೊಂಡ್ರು. ಸಂಜೆ ಹೋದ ಕರೆಂಟು ರಾತ್ರಿ ಹನ್ನೊಂದಾದ್ರೂ ಬರ್ಲಿಲ್ಲ. ನೋಡಿ ನಮ್ಮೂರ ಹಣೆಬರ. 1902ರಲ್ಲಿ ಶಿವನಸಮುದ್ರದಿಂದ ನೂರನಲವತ್ತು ಕಿಲೋಮೀಟರಿಗೂ ಮೇಲೆ ತಂತಿ ಎಳೆದು ನಮ್ಮ ಗಣಿಗೆ ಕರೆಂಟು ತಂದ್ರು. ಬೆಂಗ್ಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ನಮ್ಮ ಹಿಂದೆ. ಆ ಊರಿನ ಸೊಸೆ ನಾನು, ಮೇಣದ ಬತ್ತಿ ಹಚ್ಕೊಂಡು ಕೂತಿದ್ದೆ. ಅತ್ತೆಗೆ ಆಸ್ತಮಾ. ಹನ್ನೊಂದೂವರೆಗೆ ಉಬ್ಬಸ ಜೋರಾಯ್ತು. ಔಷಧಿ ಹೊಗೆ ಕೊಡೋ ನೆಬ್ಯುಲೈಸರ್ ಮಿಷನ್ನು ಮನೇಲೇ ಐತೆ, ಕರೆಂಟಿಲ್ಲ. ಅಂಗಡಿಗೆ ಅಂತ ತಂದಿದ್ದ ಪುಟ್ಟ ಪೆಟ್ರೋಲ್ ಜನರೇಟರು ಹಿತ್ಲಲ್ಲಿ ಐತೆ. ನಮ್ಮೋರು ಹಗ್ಗ ಎಳೆದು ಸ್ಟಾರ್ಟ್ ಮಾಡೋದನ್ನ ನೂರು ಸಲ ನೋಡಿದ್ದೆ. ಎಳೆದೆ. ಎಳೆದೆ. ಕೈ ಬೊಬ್ಬೆ ಬಂತು. ಅತ್ತೆ ಉಸಿರಿನ ಶಬ್ದ ಹಿತ್ಲಿಗೆ ಕೇಳ್ತಾ ಇತ್ತು.

ಕೊನೆಗೆ ಪಕ್ಕದ ಮನೆ ಹುಡುಗನ್ನ ಎಬ್ಬಿಸಿದೆ. ಪಿಯುಸಿ ಓದ್ತಿದ್ದ. ಬಂದು ಟಾರ್ಚ್ ಹಾಕಿ ನೋಡಿ, ಟ್ಯಾಂಕ್ ಕೆಳಗಿನ ಒಂದು ಪುಟ್ಟ ನಲ್ಲಿ ತಿರುಗಿಸ್ದ. ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯ್ತು. ಪೆಟ್ರೋಲ್ ನಲ್ಲಿ ಬಂದಾಗಿತ್ತು, ಅಷ್ಟೆ. ನಾನೂ ಪಿಯುಸಿ ಓದಿದೋಳೇ, ಸೈನ್ಸೇ ತಗೊಂಡಿದ್ದೆ. ನಾಚಿಕೆಯಾಗಿ ಅತ್ತೂ ಬಿಟ್ಟೆ.

ಕಥೆ ಅಲ್ಲಿಗೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಮಳೆ ಬರ್ತೈತೆ ಅಂತ ಆ ಹುಡುಗ, ನಾನು ಸೇರ್ಕೊಂಡು ಜನರೇಟರನ್ನ ಹಿತ್ಲ ಬಾಗಿಲ ಒಳಗೆ, ಪಡಸಾಲೆ ಮೂಲೇಲಿ ಇಟ್ವಿ. ಸದ್ದು ತಡೆಯೋಕಾಗ್ದೆ ನಡುವಿನ ಬಾಗ್ಲು ಅರ್ಧ ಹಾಕಿದ್ವಿ. ಅತ್ತೆಗೆ ಔಷಧಿ ಹೊಗೆ ಹೋಯ್ತು, ಉಸಿರು ಒಂದು ಹದಕ್ಕೆ ಬಂತು. ಫ್ಯಾನಿರ್ಲಿ ಅಂತ ಹಾಗೇ ಓಡೋಕೆ ಬಿಟ್ವಿ. ಅರ್ಧ ಮುಕ್ಕಾಲು ಗಂಟೆಗೆ ನನಗೆ ತಲೆ ಸಿಡಿಯೋಕೆ ಶುರುವಾಯ್ತು. ಚಿಕ್ಕ ಮಗ ಎದ್ದು ವಾಂತಿ ಮಾಡ್ದ. ರಾತ್ರಿ ತಿಂದ ಬೋಂಡದ್ದು ಅಂದ್ಕೊಂಡೆ. ಮಾವ ಎದ್ರು. ಅವರು ಚಾಂಪಿಯನ್ ರೀಫ್ ಗಣಿ ಒಳಗೆ ಇಳಿದು ದುಡಿದೋರು, ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ ಅದು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚೋಕೆ ಮೊದಲೇ ರಿಟೈರ್ ಆಗಿದ್ರು. ಎದ್ದೋರು ನೇರ ಜನರೇಟರ್ ಆಫ್ ಮಾಡಿ, ಮುಂದಿನ ಬಾಗ್ಲು ಹಿಂದಿನ ಬಾಗ್ಲು ಎರಡೂ ತೆಗೆದು, ಮಳೇಲೇ ಎಲ್ಲಾರ್ನೂ ಜಗುಲಿಗೆ ಎಳೆದ್ರು. "ಗಾಳಿ ಮೊದ್ಲು, ಆಮೇಲೆ ಮಿಕ್ಕಿದ್ದು" ಅಂದ್ರು. ಅಷ್ಟೇ ಅಂದಿದ್ದು. ಆಮೇಲೆ ಒಂದು ವಾರ ನನ್ನ ಹತ್ರ ಮಾತಾಡ್ಲಿಲ್ಲ.

ಪೆಟ್ರೋಲ್ ಇಂಜಿನ್ ಹೊಗೇಲಿ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷ ಇರ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಕ್ಸಿಜನ್ ಬಿಟ್ಟು ಅದನ್ನೇ ಗಟ್ಟಿಯಾಗಿ ಹಿಡ್ಕೊಳ್ತದೆ. ಮೊದ್ಲು ತಲೆನೋವು, ತಲೆ ಸುತ್ತು, ವಾಂತಿ. ಆಮೇಲೆ ಮಂಪರು. ಮಲಗಿದ್ರೆ ಮಲಗಿದ್ ಹಾಗೇ ಹೋಗ್ಬಿಡ್ತಾರೆ. ಗ್ಯಾಸ್ ಸಿಲಿಂಡರಿಗೆ ವಾಸನೆ ಬರ್ಲಿ ಅಂತ ಬೇರೆ ಏನೋ ಬೆರೆಸಿರ್ತಾರೆ, ಸೋರಿದ್ರೆ ಮೂಗಿಗೆ ಗೊತ್ತಾಗ್ತದೆ. ಇದಕ್ಕೆ ಆ ಪುಣ್ಯ ಇಲ್ಲ. ಅದಕ್ಕೇ ಮಳೆ ಬರ್ಲಿ ಸಿಡ್ಲು ಬರ್ಲಿ, ಜನರೇಟರು ಮನೆ ಒಳಗೆ, ಪಡಸಾಲೇಲಿ, ಕಿಟಕಿ ಕೆಳಗೆ ಇಡ್ಬೇಡಿ. ಬಾಗ್ಲು ತೆಗೆದಿದ್ದೀವಲ್ಲ ಅಂತಲೂ ಇಡ್ಬೇಡಿ. ಮನೆಯಿಂದ ದೂರ, ಮೇಲೆ ಮಾತ್ರ ಮರೆ ಇರೋ ಕಡೆ ಇಡಿ, ಹೊಗೆ ಕೊಳವೆ ಮನೆ ಕಡೆ ತಿರುಗಿರಬಾರ್ದು.

ಆ ರಾತ್ರಿ ಆದ್ಮೇಲೆ ಒಂದು ವಾರ ಬಿಟ್ಟು, ನಮ್ಮೋರನ್ನ ಕೂರಿಸ್ಕೊಂಡು ಆ ಇಂಜಿನ್ನನ್ನ ಪೂರ್ತಿ ಕೇಳಿ ತಿಳ್ಕೊಂಡೆ. ಮೊದ್ಲು "ನಿನಗ್ಯಾಕೆ ಇದು" ಅಂದ್ರು. ಅತ್ತೇನೇ ಒಳಗಿನಿಂದ "ಹೇಳ್ಕೊಡೋ, ನನ್ ಉಸಿರು ಅವಳ ಕೈಲಿರ್ತದೆ, ನೀನು ಬೆಂಗ್ಳೂರಲ್ಲಿರ್ತೀಯ" ಅಂದ್ರು. ಅಲ್ಲಿಂದ ನನಗೆ ತಿಳಿದಿದ್ದು ಇಷ್ಟು.

ಇಂಜಿನ್ನೂ ಸೌದೆ ಒಲೆನೂ ಒಂದೇ ಜಾತಿ. ಒಲೆ ಉರಿಯೋಕೆ ಸೌದೆ, ಗಾಳಿ, ಬೆಂಕಿ ಬೇಕು. ಇಂಜಿನ್ನಿಗೆ ಪೆಟ್ರೋಲ್, ಗಾಳಿ, ಪ್ಲಗ್ಗಿನ ಕಿಡಿ ಬೇಕು. ಇದರ ಜೊತೆಗೆ ನಾಲ್ಕನೇದು ಒಂದು, ಆ ಮಿಶ್ರಣನ ಒತ್ತಿ ಹಿಡಿಯೋ ಒತ್ತಡ, ಕಂಪ್ರೆಶನ್ ಅಂತಾರೆ. ಹಗ್ಗ ಎಳೆಯುವಾಗ ಕೈಗೆ ಗಟ್ಟಿಯಾಗಿ ತಡೀತದಲ್ಲ, ಅದೇ. ಹಗ್ಗ ಸಲೀಸಾಗಿ ಬಂದ್ಬಿಟ್ರೆ ರೋಗ ದೊಡ್ಡದು, ಮೆಕ್ಯಾನಿಕ್ ಹತ್ರ ಹೋಗಿ. ತಡೆ ಐತೆ ಅಂದ್ರೆ ಮಿಕ್ಕ ಮೂರನ್ನ ನೀವೇ ನೋಡ್ಬೋದು.

ಮೊದ್ಲು ಪೆಟ್ರೋಲ್. ಟ್ಯಾಂಕಲ್ಲಿ ಐತಾ, ನಲ್ಲಿ ತೆಗೆದೈತಾ, ಎಷ್ಟು ಹಳೇದು. ಯುಪಿಎಸ್ ಬಂದ್ಮೇಲೆ ಜನರೇಟರು ವರ್ಷಕ್ಕೆ ಎರಡು ಸಲ ಓಡಿದ್ರೆ ಹೆಚ್ಚು. ದೋಣಿ ಇಂಜಿನ್ನೂ ಅಲ್ಲಿನ ಚಳಿಗಾಲ ಪೂರ್ತಿ ನಿದ್ದೆ ಹೊಡೀತದೆ. ಕೂತಲ್ಲೇ ಕೂತ ಪೆಟ್ರೋಲ್ ಹಾಳಾಗ್ತದೆ, ಕಾರ್ಬ್ಯುರೇಟರ್ ಒಳಗೆ ಬೆಲ್ಲದ ಪಾಕ ಒಣಗಿದ ಹಾಗೆ ಅಂಟು ಕಟ್ಟಿ ಕೂದಲೆಳೆಯಷ್ಟು ಸಣ್ಣ ತೂತು ಮುಚ್ಚೋಗ್ತದೆ. ಈಗ ಅದರ ಮೇಲೆ ಎಥನಾಲ್ ಬೇರೆ. 2023ರ ಫೆಬ್ರುವರಿಯಲ್ಲಿ ಬೆಂಗ್ಳೂರಲ್ಲೇ ಶುರು ಮಾಡಿದ್ರಲ್ಲ, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಅನ್ನೋದು ಉಪ್ಪಿನ ಡಬ್ಬಿ ಇದ್ದ ಹಾಗೆ, ಗಾಳಿಯಲ್ಲಿರೋ ತೇವ ಎಳ್ಕೊಳ್ತದೆ. ನೀರು ಹೆಚ್ಚಾದ್ರೆ ಕೆಳಗೆ ಬೇರೆಯಾಗಿ ನಿಲ್ತದೆ, ಇಂಜಿನ್ ಮೊದ್ಲು ಕುಡಿಯೋದು ಆ ತಳದ್ದನ್ನೇ. ಹಳೇ ಇಂಜಿನ್ನಿನ ರಬ್ಬರ್ ಪೈಪು ವಾಷರುಗಳೂ ಅದಕ್ಕೆ ಮೆತ್ತಗಾಗ್ತವೆ. ನಮ್ಮನೇಲಿ ನಾನು ಮಾಡೋದು ಇಷ್ಟೆ. ಕೆಲಸ ಮುಗಿದ ಮೇಲೆ ಸ್ವಿಚ್ ಆಫ್ ಮಾಡಲ್ಲ, ಪೆಟ್ರೋಲ್ ನಲ್ಲಿ ಬಂದ್ ಮಾಡ್ತೀನಿ. ಕಾರ್ಬ್ಯುರೇಟರಲ್ಲಿ ಉಳಿದಿದ್ದನ್ನ ಕುಡಿದು ಅದೇ ನಿಲ್ತದೆ. ಒಳಗೆ ಅಂಟು ಕಟ್ಟೋಕೆ ಏನೂ ಉಳಿಯಲ್ಲ. ಜೊತೆಗೆ ತಿಂಗಳಿಗೊಂದು ಸಲ ಹತ್ತು ನಿಮಿಷ ಓಡಿಸ್ತೀನಿ.

ಎರಡನೇದು ಗಾಳಿ. ಏರ್ ಫಿಲ್ಟರ್ ಸ್ಪಂಜು ತೆಗೆದು ನೋಡಿ. ನಮ್ಮೂರಲ್ಲಿ ಸೈನೈಡ್ ದಿಬ್ಬದ ದೂಳು ಬೇಸಿಗೆ ಗಾಳಿಗೆ ಒಗೆದ ಬಟ್ಟೆ ಮೇಲೇ ಕೂರ್ತದೆ, ಫಿಲ್ಟರ್ ಬಿಡ್ತದಾ? ಗಾಳಿ ಕಮ್ಮಿ ಆದ್ರೆ ಇಂಜಿನ್ ಕರೀ ಹೊಗೆ ಬಿಡ್ತದೆ, ಹಸಿ ಸೌದೆ ತುಂಬಿದ ಒಲೆ ಥರ.

ಮೂರನೇದು ಕಿಡಿ. ಪ್ಲಗ್ ಬಿಚ್ಚಿ ಅದರ ಮೂತಿ ನೋಡಿದ್ರೇ ಅರ್ಧ ಕಥೆ ಗೊತ್ತಾಗ್ತದೆ. ತಿಳಿ ಕಾಫಿ ಬಣ್ಣ ಇದ್ರೆ ಕ್ಷೇಮ. ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಬೆಳ್ಳಗೆ ಸುಟ್ಟಿದ್ರೆ ಪೆಟ್ರೋಲ್ ಸಾಲ್ತಿಲ್ಲ. ಒದ್ದೆ ಇದ್ರೆ ಪೆಟ್ರೋಲ್ ಬರ್ತೈತೆ, ಹತ್ಕೊಳ್ತಿಲ್ಲ. ಬರೀ ಒಣಗಿದ್ರೆ ಪೆಟ್ರೋಲೇ ಬರ್ತಿಲ್ಲ. ಕಿಡಿ ಬರ್ತದಾ ಅಂತ ಪರೀಕ್ಷೆ ಮಾತ್ರ ಪೆಟ್ರೋಲ್ ವಾಸನೆ ಇರೋ ಜಾಗದಲ್ಲಿ ಯಾವತ್ತೂ ಮಾಡ್ಬೇಡಿ.

ಇನ್ನೊಂದು ವಿಷ್ಯ ಐತೆ, ದೋಣೀದೂ ನಮ್ಮನೇದೂ ಒಂದಾಗೋದು ಅಲ್ಲೇ. ಮೂರು ವರ್ಷದ ಕೆಳಗೆ ನಮ್ಮ ಜನರೇಟರಿಗೂ ಇದೇ ರೋಗ ಬಂದಿತ್ತು. ಕಾಲು ಗಂಟೆ ಓಡೋದು, ನಿಲ್ಲೋದು, ಒಸಿ ಹೊತ್ತು ಬಿಟ್ಟು ಮತ್ತೆ ಓಡೋದು. ಒಬ್ಬ ಮೆಕ್ಯಾನಿಕ್ ಹತ್ರ ತಗೊಂಡೋದ್ವಿ. ಅಷ್ಟೊತ್ತಿಗೆ ಅದು ತಣ್ಣಗಾಗಿತ್ತು, ಅವನ ಮುಂದೆ ಚೆನ್ನಾಗೇ ಓಡ್ತು. ಕಾರ್ಬ್ಯುರೇಟರ್ ಬದ್ಲಾಯಿಸ್ಬೇಕು, ಇಲ್ಲಾ ಇದನ್ನ ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂದ. ಮನೆಗೆ ತಂದು ಓಡಿಸಿ, ನಿಂತ ಗಳಿಗೇಲೇ ನಾನು ಟ್ಯಾಂಕ್ ಮುಚ್ಚಳ ತಿರುಗಿಸಿದೆ. ಸುಯ್ ಅಂತ ಗಾಳಿ ಒಳಕ್ಕೆ ಎಳ್ಕೊಳ್ತು. ಮುಚ್ಚಳದಲ್ಲಿ ಗಾಳಿ ಆಡೋಕೆ ಇರೋ ಸೂಜಿ ತೂತು ದೂಳಿಂದ ಮುಚ್ಚೋಗಿತ್ತು.

ಎಳನೀರಿಗೆ ಒಂದೇ ತೂತು ಮಾಡಿ ಬೋರಲು ಹಿಡಿದ್ರೆ ನೀರು ಗುಳುಕ್ ಗುಳುಕ್ ಅಂತ ನಿಂತ್ನಿಂತು ಬರ್ತದೆ. ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀತೀವಿ, ಯಾಕೆ? ಎಣ್ಣೆ ಹೊರಗೆ ಬರ್ಬೇಕಾದ್ರೆ ಆ ಜಾಗಕ್ಕೆ ಗಾಳಿ ಒಳಗೆ ಹೋಗ್ಬೇಕು. ಪೆಟ್ರೋಲ್ ಟ್ಯಾಂಕೂ ಅಂಗೇ. ಗಾಳಿ ತೂತು ಮುಚ್ಚಿದ್ರೆ ಇಂಜಿನ್ ಒಂದಷ್ಟು ಹೊತ್ತು ಎಳ್ಕೊಂಡು ಕುಡೀತದೆ, ಆಮೇಲೆ ಎಳೆಯೋಕಾಗ್ದೆ ಉಪವಾಸ ಬಿದ್ದು ಸಾಯ್ತದೆ. ನಿಂತಾಗ ಎಲ್ಲೆಲ್ಲಿಂದಲೋ ಒಸಿ ಗಾಳಿ ನುಸುಳ್ತದೆ, ಮತ್ತೆ ಸ್ಟಾರ್ಟ್ ಆಗ್ತದೆ.

ಹಾಗಂತ ಓಡಿ ನಿಲ್ಲೋ ರೋಗಕ್ಕೆಲ್ಲಾ ಇದೇ ಕಾರಣ ಅಲ್ಲ. ಪೆಟ್ರೋಲ್ ಫಿಲ್ಟರ್ ಕಟ್ಕೊಂಡಿದ್ರೂ ಅಂಗೇ ಆಗ್ತದೆ. ಕಿಡಿ ಹುಟ್ಟಿಸೋ ಕಾಯಿಲ್ ಕಾದಾಗ ಕೈ ಕೊಟ್ಟು, ತಣ್ಣಗಾದ್ಮೇಲೆ ಸರಿಯಾಗೋದೂ ಉಂಟು. ಯಾವುದು ಅಂತ ತಿಳಿಯೋಕೆ ಇರೋದು ಒಂದೇ ದಾರಿ, ನಿಂತ ಗಳಿಗೇಲೇ ನೋಡ್ಬೇಕು. ಮಗೂಗೆ ಜ್ವರ ಇದ್ದಾಗ ಥರ್ಮಾಮೀಟರ್ ಇಡ್ತೀವಾ, ಬಿಟ್ಮೇಲೆ ಇಡ್ತೀವಾ? ಅರ್ಧ ಗಂಟೆ ತಣ್ಣಗಾದ ಇಂಜಿನ್ ಸುಳ್ಳು ಹೇಳ್ತದೆ.

ಅಳಿಯ ಏನ್ ಮಾಡಿದ್ರು ಅಂದ್ರೆ, ಒಂದೇ ಶನಿವಾರ ಪ್ಲಗ್ಗು, ಕಾಯಿಲ್ಲು, ಕಾರ್ಬ್ಯುರೇಟರ್ ಸಾಮಾನು ಎಲ್ಲಾ ಒಟ್ಟಿಗೆ ಬದ್ಲಾಯಿಸಿದ್ರು. ಹತ್ತು ನಿಮಿಷ ಓಡಿಸಿ ಸರಿಹೋಯ್ತು ಅಂದ್ಕೊಂಡ್ರು. ಅದು ನಿಲ್ಲೋದೇ ಇಪ್ಪತ್ತು ನಿಮಿಷಕ್ಕೆ! ಹೆಂಡ್ತಿ ಮಗೂನ ಕೂರಿಸ್ಕೊಂಡು ಹೋದ್ರು, ಅಲ್ಲಿ ಕೈ ಕೊಡ್ತು. ಸಾರಿಗೆ ಉಪ್ಪು ಕಮ್ಮಿಯಾ ಹುಳಿ ಕಮ್ಮಿಯಾ ಗೊತ್ತಾಗ್ದಿದ್ರೆ ಒಂದೊಂದೇ ಹಾಕಿ ರುಚಿ ನೋಡ್ತೀವಿ, ಎಲ್ಲಾ ಒಟ್ಟಿಗೆ ಸುರಿಯಲ್ಲ. ಒಂದು ಸಲಕ್ಕೆ ಒಂದೇ ಬದ್ಲಾಯಿಸ್ಬೇಕು. ಕಾಸಿಲ್ದೆ ಆಗೋದನ್ನ ಮೊದ್ಲು ನೋಡ್ಬೇಕು, ದುಡ್ಡು ಖರ್ಚಾಗೋದನ್ನ ಕೊನೆಗೆ. ಇದಕ್ಕೆ ಇಂಜಿನಿಯರಿಂಗ್ ಓದ್ಬೇಕಾಗಿಲ್ಲ, ಅಡುಗೆ ಮಾಡಿ ಗೊತ್ತಿದ್ರೆ ಸಾಕು.

ಮಾರನೇ ವಾರ ಮಗಳ ಸಿಟ್ಟು ಇಳಿದಿತ್ತು. ಅಳಿಯನ ಹತ್ರ ಮುಚ್ಚಳದ ವಿಷ್ಯ ಹೇಳಿದೆ. ಪಾಪ ಒಳ್ಳೇ ಹುಡುಗ, ನಕ್ಕು "ಅತ್ತೆ, ಇದು ಬೋಟ್ ಇಂಜಿನ್ನು, ಬೇರೆ ಥರ" ಅಂದ್ರು. ಬೇರೆ ಥರಾನೇ, ಒಪ್ತೀನಿ. ಅವರು ಹೇಳಿದ ಮೇಲೆ ನನಗೂ ತಿಳೀತು. ಆ ಇಂಜಿನ್ ತಣ್ಣಗಾಗೋದು ಹೊರಗಿನ ಕೊಲ್ಲಿ ನೀರಿಂದ. ಆ ನೀರು ಆಮೇಲೆ ಹೊಗೆ ಜೊತೆ ಸೇರಿ ಹೊರಗೆ ಹೋಗ್ತದೆ. ಸ್ಟಾರ್ಟ್ ಆಗ್ದೆ ಇದ್ದಾಗ ಸುಮ್ನೆ ಸೆಲ್ಫ್ ಹೊಡೀತಾನೇ ಇದ್ರೆ ಪಂಪು ನೀರು ತುಂಬ್ತಾನೇ ಇರ್ತದೆ, ಆ ನೀರನ್ನ ಹೊರಗೆ ತಳ್ಳೋಕೆ ಹೊಗೆ ಇರಲ್ಲ. ನೀರು ಹಿಂದಕ್ಕೆ ಬಂದು ಇಂಜಿನ್ ಹೊಟ್ಟೆಗೇ ಹೋಗ್ಬೋದು. ಅದಕ್ಕೆ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯೋದಾದ್ರೆ ನೀರಿನ ನಲ್ಲಿ ಮುಚ್ಬೇಕು, ಹತ್ಕೊಂಡ ತಕ್ಷಣ ತೆಗೀಬೇಕು. ಮರೆತ್ರೆ ಕಾದು ಹಾಳಾಗ್ತದೆ. ಅಂದ್ರೆ ಆ ದೋಣೀಲಿ ಎರಡು ನಲ್ಲಿ, ಒಂದು ಪೆಟ್ರೋಲಿಂದು, ಒಂದು ನೀರಿಂದು. ಎರಡೂ ಮಗಳಿಗೆ ಗೊತ್ತಿರ್ಲಿಲ್ಲ.

ಇನ್ನೊಂದು ಮಾತು ಕೇಳಿ ನನಗೆ ಮೈ ಜುಮ್ ಅಂತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನಮ್ಮ ಅಡುಗೆ ಗ್ಯಾಸ್ ಸೋರಿದ್ರೆ ನೆಲದ ಮೇಲೆ ಹರಡ್ಕೊಂಡು ಕೂರ್ತದಲ್ಲ, ಅಂಗೇ ಅದು ದೋಣಿ ತಳದಲ್ಲಿ ತುಂಬ್ಕೊಳ್ತದೆ. ದೋಣಿಗೆ ಬಾಗ್ಲಿಲ್ಲ ಕೆಳಗೆ, ಹೊರಗೆ ಹೋಗೋಕೆ. ಅಲ್ಲೊಂದು ಕಿಡಿ ಸಾಕು. ಅದಕ್ಕೇ ಬ್ಲೋವರ್ ಅಂತ ಒಂದು ಫ್ಯಾನ್ ಇಟ್ಟಿರ್ತಾರೆ, ಇಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ನಾಲ್ಕು ನಿಮಿಷ ಓಡಿಸಿ, ಮೂಗಿಂದಲೂ ನೋಡ್ಕೋಬೇಕು. ನಿಂತೋದ ಆತುರದಲ್ಲಿ ಅಳಿಯ ಎರಡು ಸಲ ಬ್ಲೋವರ್ ಹಾಕ್ದೇನೇ ಸೆಲ್ಫ್ ಹೊಡೆದಿದ್ರಂತೆ. ಗ್ಯಾಸ್ ವಾಸನೆ ಬಂದಾಗ ಲೈಟ್ ಸ್ವಿಚ್ ಮುಟ್ಟಬಾರ್ದು ಅಂತ ನಮ್ಮ ಕೆಲಸದವಳಿಗೂ ಗೊತ್ತು. ಅಷ್ಟು ಓದಿದ ಹುಡುಗ! ಅವರನ್ನ ಬೈಯೋಕೆ ಹೇಳ್ತಿಲ್ಲ. ಮಗು ಅಳ್ತಾ ಇದ್ರೆ, ಕಲ್ಲು ಹತ್ರ ಬರ್ತಾ ಇದ್ರೆ ಯಾರಿಗಾದ್ರೂ ಮರೀತದೆ. ಆ ರಾತ್ರಿ ಜನರೇಟರನ್ನ ಮನೆ ಒಳಗೆ ತಂದೋಳು ನಾನೇ ಅಲ್ವಾ. ಅದಕ್ಕೇ ಹೇಳೋದು, ಇಬ್ಬರಿಗೆ ಗೊತ್ತಿರ್ಬೇಕು. ಒಬ್ಬರು ಮರೆತದ್ದನ್ನ ಇನ್ನೊಬ್ಬರು ನೆನಪು ಮಾಡ್ಬೇಕು. ಮಗಳಿಗೆ ಗೊತ್ತಿದ್ದಿದ್ರೆ "ರೀ, ಫ್ಯಾನು" ಅಂತ ಒಂದು ಮಾತು ಅನ್ನೋಳು.

ನೀವು ಏನೇನು ಹೇಳ್ತೀರ ಅಂತ ನನಗೆ ಗೊತ್ತು. ನಾದಿನಿ ಆಗ್ಲೇ ಹೇಳಿದ್ಳು, "ಎಲ್ಲಾ ನಾವೇ ಕಲ್ತುಬಿಟ್ರೆ ಅದೂ ನಮ್ಮ ತಲೆ ಮೇಲೇ ಬೀಳ್ತದೆ, ಗಂಡಸರು ಹಾಯಾಗಿ ಕೂರ್ತಾರೆ" ಅಂತ. ಸುಳ್ಳಲ್ಲ ಅವಳ ಮಾತು. ಗ್ಯಾಸ್ ಬುಕ್ ಮಾಡೋದು ಕಲ್ತೆ, ಅದು ನನ್ನ ಕೆಲಸ ಆಯ್ತು. ಕರೆಂಟ್ ಬಿಲ್ ಫೋನಲ್ಲಿ ಕಟ್ಟೋದು ಕಲ್ತೆ, ಅದೂ ಆಯ್ತು. ಈಗ ಜನರೇಟರೂ ನಂದೇ. ಆದ್ರೂ ಆ ರಾತ್ರಿ ಬೊಬ್ಬೆ ಬಂದ ಕೈ ನೆನೆಸ್ಕೊಂಡ್ರೆ, ಕೆಲಸ ಹೆಚ್ಚಾದ್ರೆ ಆಗ್ಲಿ, ಆ ಅಸಹಾಯ ಬೇಡ ಅನ್ನಿಸ್ತದೆ.

ಇನ್ನು ಕೆಲವರು "ಹೊಸದು ತಗೊಂಡ್ರೆ ತಲೆನೋವಿರಲ್ಲ" ಅಂತಾರೆ. ಹೊಸದಕ್ಕೂ ನಲ್ಲಿ ಇರ್ತದೆ, ಗಾಳಿ ತೂತು ಇರ್ತದೆ, ವಿಷದ ಹೊಗೆ ಇರ್ತದೆ. ದೋಣಿಗೂ ಹೊಸ ಇಂಜಿನ್ ಹಾಕಿ ಅಂತ ಅಲ್ಲಿ ಯಾರೋ ಹೇಳಿದ್ರಂತೆ. ದೋಣಿ ಬೆಲೆಗಿಂತ ಇಂಜಿನ್ ಬೆಲೆ ಜಾಸ್ತಿ. ಹಳೇದೆಲ್ಲಾ ಉಳಿಸ್ಕೊಳ್ಳಿ ಅಂತಲೂ ನಾನು ಹೇಳಲ್ಲ. ಪೆಟ್ರೋಲ್ ಪೈಪು ಬಿರುಕು ಬಿಟ್ಟಿದ್ರೆ, ಟ್ಯಾಂಕ್ ತುಕ್ಕು ಹಿಡಿದು ಸೋರ್ತಿದ್ರೆ ಅಲ್ಲಿ ಜಿಪುಣತನ ಬೇಡ, ಅವತ್ತೇ ಬದ್ಲಾಯಿಸಿ, ಗೊತ್ತಿರೋರ ಕೈಲೇ ಮಾಡಿಸಿ. ಬಟ್ಟೆ ಸುತ್ತಿ, ಎಂ-ಸೀಲ್ ಹಚ್ಚಿ ಓಡಿಸೋದು ನೀರಿನ ಪೈಪಿಗೆ ಸರಿ, ಪೆಟ್ರೋಲಿಗಲ್ಲ.

ಕೊನೆಗೆ ದೋಣಿ ಏನಾಯ್ತು ಅಂತ ಕೇಳ್ತೀರಲ್ಲ. ಅಳಿಯ ನಕ್ಕಿದ್ರೂ ಮಾತು ಕಿವಿಗೆ ಹಾಕ್ಕೊಂಡಿದ್ರು. ಅದು ಅವರ ದೊಡ್ಡತನ. ಈ ಸಲ ಕೂಸನ್ನ ಸ್ನೇಹಿತರ ಮನೇಲಿ ಬಿಟ್ಟು, ದೋಣಿನ ಕಟ್ಟೆಗೆ ಕಟ್ಟಿ ಹಾಕಿ, ಬ್ಲೋವರ್ ಓಡಿಸಿ, ಆಮೇಲೆ ಇಂಜಿನ್ ಓಡೋಕೆ ಬಿಟ್ರು. ಗಡಿಯಾರ ನೋಡ್ಕೊಂಡು ಕೂತಿದ್ದು ಮಗಳು. ಇಪ್ಪತ್ತಮೂರನೇ ನಿಮಿಷಕ್ಕೆ ಕೆಮ್ಮಿ ನಿಂತ್ತು. ಅಲ್ಲಿ ಪೆಟ್ರೋಲ್ ತುಂಬೋ ಮುಚ್ಚಳ ದೋಣಿ ಮೇಲ್ಗಡೆ, ಬಯಲಲ್ಲಿರ್ತದೆ. ಅದನ್ನ ಮಗಳೇ ತಿರುಗಿಸಿದ್ಳು. ಸುಯ್ ಅಂತಂತೆ. ಮತ್ತೆ ಮುಚ್ಚಿ, ಬ್ಲೋವರ್ ನಾಲ್ಕು ನಿಮಿಷ ಓಡಿಸಿ ಸ್ಟಾರ್ಟ್ ಮಾಡಿದ್ರು, ತಕ್ಷಣ ಹತ್ಕೊಳ್ತು. ದೋಣಿ ಪಕ್ಕದ ಗೋಡೇಲಿ ಟ್ಯಾಂಕಿನ ಗಾಳಿ ಕೊಳವೆ ಬಾಯಿ ಐತಂತೆ, ಅದರೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ನಮ್ಮನೇಲಿ ಕಿಟಕಿ ಮೂಲೇಲಿ, ಮಗ್ಗದ ಲಾಳಿ ತೂತಲ್ಲಿ ಕಟ್ಟಲ್ವಾ, ಅದರ ಅಮೆರಿಕದ ದಾಯಾದಿ. ತಂತಿ ಹಾಕಿ ತೆಗೆದ್ರು, ಬಾಯಿಗೆ ಸಣ್ಣ ಜಾಲರಿ ಹಾಕಿದ್ರು. ಖರ್ಚು ಏನೂ ಇಲ್ಲ. ಬದ್ಲಾಯಿಸಿದ್ದ ಕಾಯಿಲ್ಲು ಕಾರ್ಬ್ಯುರೇಟರ್ ದುಡ್ಡು ಮಾತ್ರ ಹೋಯ್ತು.

ನಾನು ಹೇಳಿದ್ದೇ ಸರಿಯಾಯ್ತು ಅಂತ ಜಂಭಕ್ಕೆ ಬರೀತಿಲ್ಲ. ಕಾಯಿಲ್ಲೇ ಕೆಟ್ಟಿದ್ರೆ ನನ್ನ ಮಾತು ಸುಳ್ಳಾಗೋದು. ಆದ್ರೂ ನಷ್ಟ ಇರ್ತಿರ್ಲಿಲ್ಲ, ಮುಚ್ಚಳ ತಿರುಗಿಸೋಕೆ ದುಡ್ಡು ಬೇಕಿಲ್ಲ.

ಹೋದ ಭಾನುವಾರ ಮಗಳು ಮತ್ತೆ ಕಾಲ್ ಮಾಡಿದ್ಳು. ಫೋನ್ ಅಳಿಯನ ಕೈಲಿತ್ತು. ಅವಳು ಫ್ಯಾನ್ ಹಾಕಿ, ಮೊಣಕಾಲೂರಿ ಬಗ್ಗಿ ಮೂಸಿ ನೋಡಿ, ಪೆಟ್ರೋಲ್ ನಲ್ಲಿ ತೆಗೆದು, ನೀರಿನ ನಲ್ಲಿ ತೆಗೆದು, ಚೋಕ್ ಎಳೆದು ಸ್ಟಾರ್ಟ್ ಮಾಡಿದ್ಳು. ಕೂಸು ಲೈಫ್ ಜಾಕೆಟ್ ಹಾಕ್ಕೊಂಡು ಜೋರಾಗಿ ನಿಮಿಷ ಎಣಿಸ್ತಾ ಇತ್ತು. ಮಗಳು ನನ್ನ ಕಡೆ ತಿರುಗಿ ಏನೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಆವತ್ತಿನ ಮುದ್ದೆ ಚೆನ್ನಾಗಿ ಬಂತು.

ಮಾವ ಈಗಿಲ್ಲ. ಅತ್ತೆ ಅವ್ರೆ, ಆಸ್ತಮಾನೂ ಐತೆ. ಮಳೆಗಾಲಕ್ಕೆ ಮುಂಚೆ ನಾನು ಜನರೇಟರ್ ಮುಚ್ಚಳದ ತೂತು ಸೂಜೀಲಿ ಚುಚ್ಚಿ ಇಟ್ಟಿದ್ದೀನಿ. ಹಿತ್ಲಲ್ಲಿ, ಮನೆಯಿಂದ ದೂರ, ನಾಲ್ಕು ಕಲ್ಲು ಕಂಬದ ಮೇಲೆ ತಗಡು ಹಾಕಿಸಿ ಅದಕ್ಕೊಂದು ಜಾಗ ಮಾಡಿದ್ದೀವಿ. ಗೋಡೆ ಇಲ್ಲ. ಗಾಳಿ ಮೊದ್ಲು.

ನಿಮ್ಮನೇಲೂ ಯಾವುದಾದ್ರೂ ಒಂದು ಇಂಜಿನ್ ಇರ್ತದೆ, ಜನರೇಟರೋ, ಸ್ಕೂಟರೋ, ತೋಟದಲ್ಲಿ ಔಷಧಿ ಹೊಡೆಯೋ ಮಿಷನ್ನೋ. ಈ ಭಾನುವಾರ ಊಟ ಆದ್ಮೇಲೆ ಹೋಗಿ ಪೆಟ್ರೋಲ್ ನಲ್ಲಿ ಎಲ್ಲೈತೆ, ಯಾವ ಕಡೆ ತಿರುಗಿಸಿದ್ರೆ ಬಂದಾಗ್ತದೆ ನೋಡ್ಕೊಂಡು ಬನ್ನಿ. ಐದು ನಿಮಿಷದ ಕೆಲಸ. ಆಮೇಲೆ ನನಗೊಂದು ಫೋನ್ ಮಾಡಿ, ಹಿತಕಿದ ಬೇಳೆ ಉಳಿದಿದ್ರೆ ಅದರದ್ದೂ ಮಾತಾಡೋಣ.